ರೈತನಾಗದಿರಲು ನಾಲ್ಕು ವರ್ಷ

ಕರ್ನಾಟಕದಲ್ಲಿ ರೈತನಾಗಲು ಯಾವ ಅರ್ಹತೆಯೂ ಬೇಡ. ಅಪ್ಪ ಒಂದಿಷ್ಟು ಜಮೀನು, ಅದರ ಮೇಲೆ ಒಂದಿಷ್ಟು ಸಾಲ ಬಿಟ್ಟು ಹೋಗಿದ್ದರೆ ಸಾಕು, ಮಾರನೇ ದಿನದಿಂದ ಮಗ ರೈತ. ರೈತನಾಗದೆ ತಪ್ಪಿಸಿಕೊಳ್ಳಬೇಕಾದರೆ ಮಾತ್ರ ಕಷ್ಟಪಟ್ಟು ಓದಬೇಕು. ಅದಕ್ಕೆಂದೇ ಒಂದು ಅಚ್ಚುಕಟ್ಟಾದ ಏರ್ಪಾಟಿದೆ. ನಾಲ್ಕು ವರ್ಷದ ಓದು, ಹೆಸರು ಬಿ.ಎಸ್‌ಸಿ. (ಆನರ್ಸ್) ಕೃಷಿ. ಒಳಗೆ ಹೋಗುವಾಗ ನಾನು ರೈತನ ಮಗ ಎಂದು ರುಜುವಾತು ಮಾಡಬೇಕು. ಹೊರಗೆ ಬರುವಾಗ ಇವನು ಇನ್ನು ಹೊಲಕ್ಕೆ ಇಳಿಯಬೇಕಾಗಿಲ್ಲ ಎಂದು ಘಟಿಕೋತ್ಸವದಲ್ಲಿ ಗೌನು ತೊಡಿಸಿ ಸಾರುತ್ತಾರೆ.

ಮೊದಲು ಪ್ರವೇಶದ ವಿಚಾರ. ಸಿಇಟಿ ಬರೆಯುವ ರೈತರ ಮಕ್ಕಳಿಗೆ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಮೀಸಲಾತಿ ಇದೆ. ಶೇ 40 ಇದ್ದದ್ದು ಈಗ ಶೇ 50 ಆಗಿದೆ. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಫಲಿತಾಂಶ ಬರುವ ಹೊತ್ತಿಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಎಷ್ಟೊಂದು ರೈತರು ಹುಟ್ಟಿಕೊಳ್ಳುತ್ತಾರೆ ನೋಡಬೇಕು! ಇಪ್ಪತ್ತು ವರ್ಷದಿಂದ ಊರ ಹಬ್ಬಕ್ಕೂ ಹೋಗದಿದ್ದ ಅಪ್ಪ, ತಾತನ ಹೆಸರಿನ ಪಹಣಿ ಹುಡುಕಿಕೊಂಡು ನಾಡಕಚೇರಿಯ ಬಾಗಿಲು ಕಾಯುತ್ತಾನೆ. ವಂಶವೃಕ್ಷ ಮಾಡಿಸುತ್ತಾನೆ. ಜಗಳವಾಡಿ ಮಾತು ಬಿಟ್ಟಿದ್ದ ತಮ್ಮನಿಗೆ ಫೋನು ಮಾಡಿ, ‘ಏನಪ್ಪಾ, ಈ ಸಲ ಮಳೆ ಹೆಂಗೆ?’ ಎಂದು ವಿಚಾರಿಸುತ್ತಾನೆ. ಒಂದು ಕೃಷಿ ಸೀಟು ಒಡೆದ ಮನೆಗಳನ್ನು ಒಂದು ಮಾಡುವ ಪರಿಗೆ ನ್ಯಾಯಾಲಯಗಳೂ ತಲೆದೂಗಬೇಕು.

ಇದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಂಗಳನ್ನು ತೆಗೆದುಹಾಕಲಾಯಿತು. ಅದಕ್ಕೆ ಮೊದಲು ಕೃಷಿಕನಲ್ಲದವನು, ಬೇರೆ ಮೂಲದಿಂದ ಹೆಚ್ಚು ಆದಾಯ ಇರುವವನು ಇಲ್ಲಿ ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ. ಈಗ ಕೊಳ್ಳಬಹುದು. ಹಾಗಾಗಿ ಇವತ್ತಿನ ಕಾನೂನು ಇಷ್ಟು: ಹೊಲವನ್ನೇ ಕೊಂಡುಕೊಳ್ಳುವವನು ರೈತನಾಗಿರಬೇಕಿಲ್ಲ, ಹೊಲದ ಬಗ್ಗೆ ಕೋಟಾದಲ್ಲಿ ಓದುವವನು ಮಾತ್ರ ರೈತನ ಮಗ ಎಂಬುದಕ್ಕೆ ತಹಶೀಲ್ದಾರರ ಸಹಿ ತರಬೇಕು.

ಸಹಿ ತಂದರೆ ಮುಗಿಯಲಿಲ್ಲ, ಪ್ರಾಯೋಗಿಕ ಪರೀಕ್ಷೆ ಉಂಟು. ಸಾಲಾಗಿ ಮೇಜು, ಮೇಜಿನ ಮೇಲೆ ತಟ್ಟೆ, ತಟ್ಟೆಗೊಂದು ನಂಬರು. ಇದು ಹುರುಳಿಯೋ ಹುಚ್ಚೆಳ್ಳೋ? ಇದು ನವಣೆಯೋ ಸಾಮೆಯೋ? ಇದು ಯೂರಿಯಾವೋ ಪೊಟ್ಯಾಷೋ? ಕುಂಟೆ ಯಾವುದು, ಕೂರಿಗೆ ಯಾವುದು? ರೈತನ ಮಗನನ್ನು ಪತ್ತೆ ಹಚ್ಚಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಾರದು ಎಂದುಕೊಳ್ಳಬೇಡಿ. ಈ ಪರೀಕ್ಷೆಗೂ ಕೋಚಿಂಗ್ ಇದೆ. ಅಲ್ಲಿ ಬೀಜಗಳನ್ನು ಪುಟ್ಟ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಕಟ್ಟಿ, ಗೊಬ್ಬರವನ್ನು ಡಬ್ಬಿಯಲ್ಲಿ ತುಂಬಿ, ಕೂರಿಗೆಯ ಫೋಟೊ ತೋರಿಸಿ ತಿದ್ದುತ್ತಾರೆ. ಹೊಲದಲ್ಲಿ ಹುಟ್ಟಿ ಬೆಳೆದವನು ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಬಸ್ಸು ಹಿಡಿದು ಬರುವ ಹೊತ್ತಿಗೆ, ಫೀಸು ಕಟ್ಟಿ ಹುರುಳಿ ಕಂಠಪಾಠ ಮಾಡಿದವನು ಪೆನ್ನು ಬಿಚ್ಚಿಕೊಂಡು ಕೂತಿರುತ್ತಾನೆ.

ಸೀಟು ಸಿಕ್ಕಿತು ಅಂತಿಟ್ಟುಕೊಳ್ಳಿ. ನಾಲ್ಕು ವರ್ಷದಲ್ಲಿ ಬೇಸಾಯಶಾಸ್ತ್ರ, ಮಣ್ಣು ವಿಜ್ಞಾನ, ಕೀಟಶಾಸ್ತ್ರ, ಸಸ್ಯರೋಗಶಾಸ್ತ್ರ, ತಳಿಶಾಸ್ತ್ರ, ತೋಟಗಾರಿಕೆ, ರೇಷ್ಮೆ, ಜೇನು, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವಿಸ್ತರಣಾ ಶಿಕ್ಷಣ ಎಲ್ಲವೂ ಬರುತ್ತವೆ. ಎಲ್ಲವೂ ಬೇಕಾದವೇ. ರೈತ ದಿನಬೆಳಗಾದರೆ ಏಗುವ ವಿಷಯಗಳು ಮಾತ್ರ ಸಿಲೆಬಸ್ಸಿಗೆ ಬಂದಿಲ್ಲ. ನಡುರಾತ್ರಿ ಬರುವ ತ್ರೀ ಫೇಸ್ ಕರೆಂಟಿಗೆ ಎದ್ದು ಹೋಗಿ ಮೋಟಾರು ಹಾಕುವುದು, ಅಣ್ಣತಮ್ಮಂದಿರ ಜಮೀನು ಪೋಡಿ ಮಾಡಿಸುವುದು, ಹಾಕದ ಬೆಳೆ ಪಹಣಿಯಲ್ಲಿ ಕೂತಿದ್ದರೆ ಅದನ್ನು ಎಬ್ಬಿಸುವುದು, ಬೆಳೆವಿಮೆಯ ದುಡ್ಡು ಯಾವ ಖಾತೆಗೆ ಹೋಯಿತೆಂದು ಹುಡುಕುವುದು, ಮಂಡಿಯಲ್ಲಿ ದಲ್ಲಾಳಿ ಟವಲಿನ ಕೆಳಗೆ ಬೆರಳು ಹಿಡಿದು ಏನು ಹೇಳಿದ ಎಂದು ತಿಳಿದುಕೊಳ್ಳುವುದು. ಇವಕ್ಕೆ ತಲಾ ಮೂರು ಕ್ರೆಡಿಟ್ ಇಟ್ಟರೆ ಅರ್ಧ ತರಗತಿ ನಪಾಸಾಗುತ್ತದೆ, ಜೊತೆಗೆ ಪಾಠ ಹೇಳುವವರೂ.

ಹಾಗೆಂದು ಪಾಠ ಸುಳ್ಳಲ್ಲ. ಅರ್ಥಶಾಸ್ತ್ರದ ತರಗತಿಯಲ್ಲಿ ಜೇಡರಬಲೆ ಸಿದ್ಧಾಂತ ಎಂಬುದೊಂದಿದೆ. ಈ ವರ್ಷ ಬೆಲೆ ಏರಿತು, ಎಲ್ಲರೂ ಅದನ್ನೇ ನೆಟ್ಟರು, ಮುಂದಿನ ಫಸಲು ಮಾರುಕಟ್ಟೆಗೆ ನುಗ್ಗಿ ಬೆಲೆ ಬಿತ್ತು, ಎಲ್ಲರೂ ಕೈಬಿಟ್ಟರು, ಮಾಲು ಕಡಿಮೆಯಾಗಿ ಬೆಲೆ ಮತ್ತೆ ಏರಿತು. ಬೋರ್ಡಿನ ಮೇಲೆ ಗೆರೆ ಸುತ್ತುತ್ತಾ ಸುತ್ತುತ್ತಾ ಬಲೆ ಹೆಣೆಯುತ್ತದೆ. ಚಿತ್ರ ಸಹಿತ ವಿವರಿಸಿದರೆ ಪೂರ್ತಿ ಅಂಕ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದಾಗ ಜನ ತೋಟಕ್ಕೆ ರಾತ್ರಿ ಕಾವಲು ಕೂತರು. ಬೇರೆ ವರ್ಷಗಳಲ್ಲಿ ಅದೇ ಹಣ್ಣನ್ನು ಕೀಳುವ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದರು. ಕೋಲಾರದವನು ಈ ಸಿದ್ಧಾಂತ ಓದಿಲ್ಲ, ಬಲೆಯೊಳಗೇ ಇದ್ದಾನೆ. ಓದಿದ ಹುಡುಗ ಬಲೆಯ ಹೊರಗೆ ನಿಂತು ಚಿತ್ರ ಬರೆಯುತ್ತಾನೆ. ಶಿಕ್ಷಣದ ಪ್ರಯೋಜನ ಎಂದರೆ ಇದೇ ತಾನೆ?

ಕೊನೆಯ ವರ್ಷ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸುತ್ತಾರೆ. ಗ್ರಾಮೀಣ ಕೃಷಿ ಕಾರ್ಯಾನುಭವ. ಹಳ್ಳಿಯಿಂದ ಬಂದವರನ್ನು ಮೂರು ವರ್ಷ ಹಾಸ್ಟೆಲಿನಲ್ಲಿಟ್ಟು, ಹಳ್ಳಿ ಮರೆತಿದ್ದಾರೆಂದು ಖಾತ್ರಿಯಾದ ಮೇಲೆ, ಹಳ್ಳಿ ಹೇಗಿರುತ್ತದೆಂದು ತೋರಿಸಲು ಕಳಿಸುವ ಯೋಜನೆ ಇದು. ಒಂದೇ ಬಣ್ಣದ ಟೀಶರ್ಟು, ತಲೆಗೆ ಟೋಪಿ, ದೇವಸ್ಥಾನದ ಮುಂದೆ ಬ್ಯಾನರು. ಮೊದಲ ಕೆಲಸ ಗ್ರಾಮದ ನಕ್ಷೆ ಬಿಡಿಸುವುದು. ನೆಲಕ್ಕೆ ನೀರು ಚಿಮುಕಿಸಿ ರಂಗೋಲಿ ಪುಡಿಯಲ್ಲಿ ಬಿಡಿಸುತ್ತಾರೆ: ಹಸಿರು ಹಾಕಿದರೆ ಹೊಲ, ನೀಲಿ ಹಾಕಿದರೆ ಕೆರೆ, ಕಪ್ಪು ಎಳೆದರೆ ರಸ್ತೆ. ಕಂಕುಳಲ್ಲಿ ಕೊಡೆ ಇಟ್ಟುಕೊಂಡ ಹಿರಿಯರೊಬ್ಬರು ನೋಡುತ್ತಾ ನೋಡುತ್ತಾ ನೀಲಿ ಪುಡಿಯ ಮೇಲೆ ಕಾಲಿಡುತ್ತಾರೆ.

‘ತಾತ, ಸ್ವಲ್ಪ ಆ ಕಡೆ ಬನ್ನಿ. ಕೆರೆ ಮೇಲೆ ನಿಂತಿದ್ದೀರ.’

‘ಆ ಕೆರೆ ಮ್ಯಾಲೆ ಈಗ ಎಲ್ರೂ ನಿಂತವ್ರೆ ಕಣವ್ವ. ಸೈಟ್ ಆಗವೆ ಅಲ್ಲಿ.’

ಹುಡುಗಿ ಒಂದು ಗಳಿಗೆ ಸುಮ್ಮನಾಗುತ್ತಾಳೆ. ದಾಖಲೆಯಲ್ಲಿ ಕೆರೆ ಇದೆ, ಮೇಷ್ಟ್ರು ಬಂದು ನೋಡುವಾಗ ಕೆರೆ ಇರಬೇಕು. ನೀಲಿ ಪುಡಿ ಹಾಗೆಯೇ ಉಳಿಯುತ್ತದೆ.

ಆಮೇಲೆ ಬೀಜೋಪಚಾರದ ಪ್ರಾತ್ಯಕ್ಷಿಕೆ. ಬೆಲ್ಲ ಕರಗಿಸಿ ಅಂಟು ಮಾಡಿ, ಬಿತ್ತನೆ ಬೀಜಕ್ಕೆ ಸವರಿ, ರೈಜೋಬಿಯಂ ಪುಡಿ ಕಲಸಿ, ನೆರಳಲ್ಲಿ ಒಣಗಲು ಹಾಕುತ್ತಾರೆ. ಚೆನ್ನಾಗಿಯೇ ಮಾಡುತ್ತಾರೆ, ಉಪಯೋಗವೂ ಉಂಟು. ಮುಂದಿನದು ಮಣ್ಣಿನ ಮಾದರಿ ತೆಗೆಯುವ ವಿಧಾನ: ಹೊಲದಲ್ಲಿ ಅಡ್ಡಾದಿಡ್ಡಿ ನಡೆದು, ಅಲ್ಲಲ್ಲಿ ‘ವಿ’ ಆಕಾರದ ಗುಂಡಿ ತೋಡಿ, ಕೆರೆದ ಮಣ್ಣನ್ನು ರಾಶಿ ಮಾಡಿ, ನಾಲ್ಕು ಭಾಗ ಮಾಡಿ ಎರಡನ್ನು ಬಿಸಾಡುತ್ತಾ ಅರ್ಧ ಕೆ.ಜಿ.ಗೆ ಇಳಿಸುವುದು. ಸಭೆ ಶಾಂತವಾಗಿ ನೋಡುತ್ತದೆ. ಕೊನೆಗೆ ‘ಏನಾದರೂ ಪ್ರಶ್ನೆ ಇದ್ದರೆ ಕೇಳಿ’ ಎಂದಾಗ ಒಂದೇ ಪ್ರಶ್ನೆ ಬರುತ್ತದೆ: ‘ಸೊಸೈಟಿಗೆ ಯೂರಿಯಾ ಯಾವತ್ತು ಬತ್ತದೆ?’ ಅದು ಸಿಲೆಬಸ್ಸಿನ ಹೊರಗಿನದು. 2025ರ ಮುಂಗಾರಿನಲ್ಲಿ ರಾಜ್ಯದ ಹಲವು ಕಡೆ ರೈತರು ಯೂರಿಯಾಕ್ಕೆ ಸರದಿ ನಿಂತಾಗ ಆ ಪ್ರಶ್ನೆಗೆ ರಾಜ್ಯವೂ ಉತ್ತರ ಕೊಡಲಿಲ್ಲ, ಕೇಂದ್ರವೂ ಕೊಡಲಿಲ್ಲ, ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಇಪ್ಪತ್ತೊಂದು ವರ್ಷದ ಹುಡುಗಿ ಏನು ಹೇಳಿಯಾಳು? ಗುಂಪು ಫೋಟೊ ತೆಗೆದು, ‘ವಿದ್ಯಾರ್ಥಿಗಳಿಂದ ರೈತರಿಗೆ ಮಾಹಿತಿ’ ಎಂದು ಪತ್ರಿಕೆಗೆ ಸುದ್ದಿ ಕಳಿಸುತ್ತಾರೆ. ಮಾಹಿತಿ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಎಂಬುದನ್ನು ಸಂಪಾದಕರು ವಿಚಾರಿಸುವುದಿಲ್ಲ.

ಈ ಅನುಭವಕ್ಕೆ ಶಿಷ್ಯವೇತನವಿದೆ. ಕೇಂದ್ರದ ‘ಸ್ಟೂಡೆಂಟ್ ರೆಡಿ’ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ ನಿಗದಿಯಾಗಿತ್ತು. ಕಡಿಮೆ ಎಂದು ಮೂಗು ಮುರಿಯುವ ಮೊದಲು ಇನ್ನೊಂದು ಲೆಕ್ಕ ನೋಡಿ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೇ ಸುತ್ತಿನ ಪ್ರಕಾರ 2018-19ರಲ್ಲಿ ದೇಶದ ಒಂದು ಕೃಷಿ ಕುಟುಂಬಕ್ಕೆ ಬೆಳೆಯಿಂದ ಸಿಕ್ಕ ನಿವ್ವಳ ಆದಾಯ ತಿಂಗಳಿಗೆ ಸರಾಸರಿ 3,798 ರೂಪಾಯಿ. ಅದೇ ಕುಟುಂಬಕ್ಕೆ ಕೂಲಿ, ಸಂಬಳದಿಂದ ಬಂದದ್ದು 4,063 ರೂಪಾಯಿ. ಅಂದರೆ ರೈತನಿಗೆ ತನ್ನ ಹೊಲಕ್ಕಿಂತ ಬೇರೆಯವರ ಕೆಲಸವೇ ಹೆಚ್ಚು ಕೊಡುತ್ತದೆ. ಇನ್ನು ವ್ಯವಸಾಯ ಕಲಿಯುವವನಿಗೂ ಮಾಡುವವನಿಗೂ ಇರುವ ವ್ಯತ್ಯಾಸ 798 ರೂಪಾಯಿ. ಈ ಬಾಬತ್ತಿನಲ್ಲಿ ಇಡೀ ಕುಟುಂಬ ದುಡಿಯಬೇಕು, ಆ ಬಾಬತ್ತಿನಲ್ಲಿ ಟೋಪಿ ಹಾಕಿಕೊಂಡರೆ ಸಾಕು.

ಹುಡುಗರು ಲೆಕ್ಕದಲ್ಲಿ ಚುರುಕು. ಡಿಗ್ರಿ ಕೈಗೆ ಬರುವ ಮೊದಲೇ ಧಾರವಾಡದ, ಬೆಂಗಳೂರಿನ ಕೋಚಿಂಗ್ ಕೇಂದ್ರಗಳಲ್ಲಿ ಹೆಸರು ಬರೆಸುತ್ತಾರೆ. ಬ್ಯಾಂಕಿನ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಪರೀಕ್ಷೆ ಇದೆ, ಕೆಪಿಎಸ್‌ಸಿ ಇದೆ, ಯುಪಿಎಸ್‌ಸಿ ಇದೆ. ಎ ಎಂಬಾತ ಬಿ ಎಂಬಾತನ ಎಡಕ್ಕೆ ಕೂತರೆ ಸಿ ಎಲ್ಲಿ ಕೂತ ಎಂಬ ಪ್ರಶ್ನೆ ಬಿಡಿಸಿದವನಿಗೆ ಕೃಷಿ ಸಾಲ ಮಂಜೂರು ಮಾಡುವ ಯೋಗ್ಯತೆ ಬರುತ್ತದೆ. ಅಪ್ಪ ಯಾವ ಕೌಂಟರಿನ ಹೊರಗೆ ಟವಲು ಕೈಯಲ್ಲಿ ಹಿಡಿದು ನಿಂತಿದ್ದನೋ ಮಗ ಆ ಕೌಂಟರಿನ ಒಳಗೆ ಕೂರುತ್ತಾನೆ. ಇದರಲ್ಲಿ ನಗುವುದಕ್ಕೇನೂ ಇಲ್ಲ. ಮೂರು ತಲೆಮಾರಿನಲ್ಲಿ ಆ ಮನೆಗೆ ಹೊಲ ಕೊಡದಿದ್ದ ಮರ್ಯಾದೆಯನ್ನು ಹೊಲದ ಬಗ್ಗೆ ಓದಿದ ಡಿಗ್ರಿ ಕೊಟ್ಟಿತು.

ಅತ್ತ ಸರ್ಕಾರ ಇನ್ನೊಂದು ಶಾಲೆಯನ್ನೂ ನಡೆಸುತ್ತಿದೆ. ಊರಿನಲ್ಲಿ ರೋಗಕ್ಕೆ ಮದ್ದು ಬರೆದುಕೊಡುವವನು ಕೃಷಿ ಅಧಿಕಾರಿಯಲ್ಲ, ಔಷಧಿ ಅಂಗಡಿಯವನು. ಮುರುಟಿದ ಮೆಣಸಿನ ಎಲೆ ಹಿಡಿದು ಹೋದರೆ ‘ಇದಕ್ಕೆ ಎರಡು, ಅದಕ್ಕೊಂದು, ಜೊತೆಗೆ ಟಾನಿಕ್ಕು’ ಎಂದು ಮೂರು ಬಾಟಲಿ ಮುಂದಿಡುತ್ತಾನೆ. ಯಾವುದರಲ್ಲಿ ಕಮಿಷನ್ ಜಾಸ್ತಿಯೋ ಆ ರೋಗ ಗಿಡಕ್ಕೆ ಬಂದಿರುತ್ತದೆ. ಈ ಅಂಗಡಿಯವರಿಗಾಗಿ ಹೈದರಾಬಾದಿನ ‘ಮ್ಯಾನೇಜ್’ ಸಂಸ್ಥೆ 2003ರಲ್ಲಿ ಡಿಪ್ಲೊಮಾ ಆರಂಭಿಸಿತು. ‘ದೇಸಿ’ ಎನ್ನುತ್ತಾರೆ, 48 ವಾರ, ವಾರಕ್ಕೊಂದು ದಿನ ತರಗತಿ. ಕೃಷಿ ಓದಿದವರು ಬ್ಯಾಂಕಿಗೆ ಹೋದರು, ಅಂಗಡಿಯವರು ಕೃಷಿ ಓದಲು ಬಂದರು. ರೈತ ಎರಡೂ ಕಡೆ ಗಿರಾಕಿ.

ಮದುವೆಯ ಮಾರುಕಟ್ಟೆಯನ್ನೂ ನೋಡಿ, ಅಲ್ಲಿ ಸತ್ಯ ಬೇಗ ಹೊರಬೀಳುತ್ತದೆ.

‘ಹುಡುಗ ಏನು ಓದಿದ್ದಾನೆ?’

‘ಅಗ್ರಿ ಬಿ.ಎಸ್‌ಸಿ., ಜಿಕೆವಿಕೆಯಲ್ಲಿ.’

‘ಓಹೋ! ಡಿಪಾರ್ಟ್‌ಮೆಂಟಾ, ಬ್ಯಾಂಕಾ?’

‘ಇಲ್ಲ, ಊರಲ್ಲೇ ತೋಟ ನೋಡ್ಕೋತಾನೆ.’

‘ಹೌದಾ... ಕಾಫಿ ತಗೊಳ್ಳಿ.’

ಕಾಫಿ ಬಂತೆಂದರೆ ಮಾತು ಮುಗಿಯಿತೆಂದೇ ಅರ್ಥ. 2023ರ ಫೆಬ್ರುವರಿಯಲ್ಲಿ ಮಂಡ್ಯ ಸೀಮೆಯ ಅವಿವಾಹಿತ ಯುವಕರು, ಹೆಚ್ಚಿನವರು ರೈತರು, ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಪತ್ರಿಕೆಗಳು ತಮಾಷೆಯ ಸುದ್ದಿ ಎಂಬಂತೆ ಅಚ್ಚು ಹಾಕಿದವು. ಕೃಷಿ ನೀತಿಯ ಬಗ್ಗೆ ಆ ವರ್ಷ ಹೊರಬಂದ ಅತ್ಯಂತ ಪ್ರಾಮಾಣಿಕ ವರದಿ ಅದು. ಕಾಲ್ನಡಿಗೆಯಲ್ಲಿ ಬಂದದ್ದರಿಂದ ವಿಧಾನಸೌಧಕ್ಕೆ ತಲುಪಲಿಲ್ಲ.

ಹಾಗಾದರೆ ಕೃಷಿಯಿಂದ ಉದ್ಧಾರವಾದವರೇ ಇಲ್ಲವೆ? ಇದ್ದಾರೆ. ಚುನಾವಣೆಗೆ ನಿಂತವರ ಪ್ರಮಾಣಪತ್ರಗಳನ್ನು ತೆರೆದು ನೋಡಿ. ವೃತ್ತಿ ಎಂಬ ಕಾಲಮಿನಲ್ಲಿ ‘ಕೃಷಿ ಮತ್ತು ಸಮಾಜಸೇವೆ’ ಎಂದಿರುತ್ತದೆ, ಆಸ್ತಿಯ ಕಾಲಮಿನಲ್ಲಿ ಕೋಟಿಗಳಿರುತ್ತವೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದಿರುವುದು ಇವರ ಹೊಲಕ್ಕೆ ಯಾವ ಗೊಬ್ಬರಕ್ಕಿಂತಲೂ ಹೆಚ್ಚು ಒಗ್ಗಿದೆ. ಪಕ್ಕದ ಹೊಲದವನಿಗೆ ರಾಗಿ ಬೆಳೆದು ಬಡ್ಡಿ ಕಟ್ಟಲಾಗದಿರುವಾಗ ಅದೇ ಮಣ್ಣಿನಲ್ಲಿ ಇವರಿಗೆ ಶಾಪಿಂಗ್ ಕಾಂಪ್ಲೆಕ್ಸ್ ಬೆಳೆಯುವುದು ಹೇಗೆ ಎಂಬುದರ ಮೇಲೆ ಯಾವ ಕೃಷಿ ವಿಶ್ವವಿದ್ಯಾಲಯವೂ ಇನ್ನೂ ಪಿಎಚ್‌.ಡಿ. ಕೊಟ್ಟಂತಿಲ್ಲ. ವಿಷಯ ಖಾಲಿ ಇದೆ, ಆಸಕ್ತರು ಗಮನಿಸಬಹುದು.

ತಮಾಷೆ ಸಾಕು. ಈ ವಿದ್ಯೆ ಮೊದಲಿನಿಂದಲೂ ಹೊಲಕ್ಕೆ ಬೆನ್ನು ಹಾಕಿದ್ದಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಮಳೆಯಲ್ಲಿ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ, ಬೋರ್ಡೋ ದ್ರಾವಣ ಹೊಡೆಯುವುದನ್ನು ಬೆಳೆಗಾರರಿಗೆ ಕಲಿಸಿದರು. ಶೇ 1ರ ದ್ರಾವಣಕ್ಕೆ ಮೈಲುತುತ್ತ ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ., ನೀರು ನೂರು ಲೀಟರು. ಶತಮಾನ ಕಳೆದರೂ ಮಲೆನಾಡಿನ ತೋಟಗಳಲ್ಲಿ ಇವತ್ತಿಗೂ ಹೊಡೆಯುತ್ತಿರುವುದು ಅದನ್ನೇ. ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆ ತೆರೆದವರೂ ಅವರೇ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು, ಬಯಲುಸೀಮೆಯ ಕಣಜ ತುಂಬಿತು. ಅಂದಿನ ವಿದ್ಯೆ ಕೆಸರಿಗೆ ಇಳಿದಿತ್ತು.

1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವನ್ನು ಕಟ್ಟಿದ್ದು ಅಮೆರಿಕದ ಲ್ಯಾಂಡ್ ಗ್ರಾಂಟ್ ಕಾಲೇಜುಗಳ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನಿಂದ. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕು ಎಂಬುದು ಆ ಮಾದರಿಯ ತಿರುಳು. ಅಮೆರಿಕದಲ್ಲಿ ಇದರ ಕೆಳಗೆ ಇನ್ನೊಂದು ಮೆಟ್ಟಿಲಿದೆ: ಊರ ಹತ್ತಿರದ ಕಮ್ಯುನಿಟಿ ಕಾಲೇಜು. ಹೊಲ ಮಾಡಬೇಕೆಂದಿರುವ ಹುಡುಗ ಎರಡು ವರ್ಷ ಬೆಳೆ, ದನ, ಯಂತ್ರ, ಲೆಕ್ಕಪತ್ರ ಕಲಿತು ಮನೆಗೆ ಮರಳಬಹುದು. ನಮ್ಮಲ್ಲೂ ಆ ಮೆಟ್ಟಿಲು ಇಲ್ಲದಿಲ್ಲ. ಎಸ್ಸೆಸ್ಸೆಲ್ಸಿ ಆದವರಿಗೆ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಅದೂ ಕನ್ನಡದಲ್ಲಿ. ಊರಿಗೆ ಮರಳಬಲ್ಲವನ ಓದು ಅದೇ. ಅದರ ಸುದ್ದಿಯನ್ನು ಯಾವ ಕೃಷಿ ಮೇಳದ ವೇದಿಕೆಯಲ್ಲಾದರೂ ಕೇಳಿದ್ದೀರಾ? ಅಲ್ಲಿ ಕೋಟಿ ಬೆಲೆಯ ಹೋರಿಗೆ ಹಾರ ಹಾಕಿ ಸೆಲ್ಫಿ ತೆಗೆದುಕೊಳ್ಳುವವರ ಸಾಲು ಮುಗಿದರೆ ತಾನೆ ಬೇರೆಯವರ ಸರದಿ ಬರುವುದು.

ಇಷ್ಟೆಲ್ಲ ಆದ ಮೇಲೆ ಮೇಳದ ಉದ್ಘಾಟನೆಗೆ ಬಂದ ಮಂತ್ರಿಗಳು ‘ಕೃಷಿ ಓದಿದ ಯುವಕರು ಕೃಷಿಗೆ ಬರುತ್ತಿಲ್ಲ’ ಎಂದು ಮರುಗುತ್ತಾರೆ. ಯಾಕೆ ಬರಬೇಕು? ಹೆಚ್ಚುವರಿ ಬಂಡವಾಳಕ್ಕೆ ಹೆಚ್ಚುವರಿ ಆದಾಯ ಹುಟ್ಟದ ಕಡೆ ದುಡ್ಡು ಹಾಕಬಾರದು ಎಂದು ಅವರಿಗೆ ನೀವೇ ತಾನೆ ತರಗತಿಯಲ್ಲಿ ಕೂರಿಸಿ ಹೇಳಿಕೊಟ್ಟಿದ್ದು? ಅವರು ಪಾಠ ಸರಿಯಾಗಿ ಕಲಿತಿದ್ದಾರೆ. 2015-16ರ ಕೃಷಿ ಗಣತಿಯಂತೆ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರು, ಅಂದರೆ ಮೂರೂವರೆ ಎಕರೆಯೂ ತುಂಬುವುದಿಲ್ಲ. ಅಷ್ಟರಲ್ಲಿ ಸಾಲ, ಬರ, ದಲ್ಲಾಳಿ ಮೂವರನ್ನೂ ಸಾಕಿ ತಾನೂ ಬದುಕುತ್ತೇನೆ ಎನ್ನುವವನಿಗೆ ಬೇಕಾಗಿರುವುದು ಡಿಗ್ರಿಯಲ್ಲ, ಎಂಟೆದೆ.

ಡಿಪ್ಲೊಮಾ ಶಾಲೆಗಳನ್ನು ತಾಲ್ಲೂಕಿಗೊಂದರಂತೆ ತೆರೆಯಿರಿ. ರೈತ ಸಂಪರ್ಕ ಕೇಂದ್ರದಲ್ಲಿ ಟಾರ್ಪಾಲು, ಪೈಪು ಹಂಚುವುದರಲ್ಲೇ ಕಳೆದುಹೋಗುವ ಅಧಿಕಾರಿಯನ್ನು ಹೊಲಕ್ಕೆ ಬಿಡಿ. ಬೆಂಬಲ ಬೆಲೆ ಘೋಷಿಸುವುದರ ಜೊತೆಗೆ ಫಸಲು ಕೈಗೆ ಬಂದ ವಾರವೇ ಖರೀದಿ ಕೇಂದ್ರದ ಬಾಗಿಲು ತೆಗೆಯಿರಿ. ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ, ಅದು ವರ್ಷವರ್ಷವೂ ತಪ್ಪದೆ ನಡೆಯುತ್ತಿದೆ. ಬೆಲೆ ಕೊಡಿಸುವುದು ಸರ್ಕಾರದ ಕೆಲಸ. ಅದು ಆಗುವವರೆಗೆ, ಕೃಷಿ ಓದಿದವನನ್ನು ಹೊಲಕ್ಕೇಕೆ ಹೋಗಲಿಲ್ಲ ಎಂದು ಕೇಳುವ ಬಾಯಿ ಯಾರಿಗೂ ಇಲ್ಲ.